ಆಷಾಢಕ್ಕೆ ಮುಂಚೆ ಕೊಂಡ ಗಾಡಿ

ಆಸ್ಪತ್ರೆಯವರು ಕೇಳಿದ್ದು ಒಂದೇ. ಚಿಕಿತ್ಸೆಯಾದ ಮೇಲೆ ಮೂರು ತಿಂಗಳಾದರೂ ನನ್ನ ಗಂಡ ಹ್ಯೂಸ್ಟನ್ನಿನಲ್ಲಿ, ಆಸ್ಪತ್ರೆಗೆ ಹತ್ತಿರದಲ್ಲೇ ಇರಬೇಕು. ಇರುವ ಜಾಗ ಒಣಗಿರಬೇಕು, ಚೊಕ್ಕಟವಾಗಿರಬೇಕು, ಬಚ್ಚಲು, ಅಡುಗೆಮನೆ ನಮ್ಮದೇ ಆಗಿರಬೇಕು. ಅಂಥ ಜಾಗ ತೋರಿಸಿದರೆ ಮಾತ್ರ ದಿನ ಗೊತ್ತುಮಾಡುತ್ತೇವೆ ಎಂದರು. ಅವನಿಗೆ ರಕ್ತದ ಕ್ಯಾನ್ಸರ್. ಅಸ್ಥಿಮಜ್ಜೆ ಬದಲಾಯಿಸಬೇಕಿತ್ತು. ಔಷಧಿಗೆ ಹೆದರಿ ರೋಗ ಸದ್ಯ ತೆಪ್ಪಗಿದೆ, ಅದು ಮತ್ತೆ ಮೈಮುರಿದು ಏಳುವುದರೊಳಗೆ ಕೆಲಸ ಮುಗಿಯಬೇಕು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು.

ನಾವಿದ್ದದ್ದು ಡಾಲಸ್ಸಿನ ಪಕ್ಕದ ಅಲೆನ್‌ನಲ್ಲಿ, ಬಾಡಿಗೆ ಮನೆಯಲ್ಲಿ. ಅವನ ಕೆಲಸ ಕಾಯಿಲೆಗೆ ಮೊದಲೇ ಹೋಗಿತ್ತು. ಉಳಿದದ್ದು ನನ್ನ ಸಂಬಳ, ನನ್ನ ಇನ್ಶೂರೆನ್ಸ್, ಮನೆಯಿಂದಲೇ ಮಾಡಬಹುದಾದ ನನ್ನ ಕೆಲಸ. ಹ್ಯೂಸ್ಟನ್ನಿನ ಆಸ್ಪತ್ರೆಯ ಸುತ್ತ ಬಾಡಿಗೆ ವಿಚಾರಿಸಿದರೆ ನನ್ನ ಸಂಬಳದಲ್ಲಿ ಮುಗಿಯುವಂತಿರಲಿಲ್ಲ. ರೋಗಿಗಳ ಕುಟುಂಬಕ್ಕೆಂದು ಆಸ್ಪತ್ರೆಯೇ ಇಟ್ಟ ಮನೆಗಳಿಗೆ ಉದ್ದನೆಯ ಸರದಿ. ಹೆಸರು ಬರೆಸಿ ಬಂದೆ. ಆಮೇಲೆ ಕಾರಿನಲ್ಲಿ ಕೂತು ಚೆನ್ನಾಗಿ ಅತ್ತೆ.

ಮೋಟರ್‌ಹೋಮಿನ ಯೋಚನೆ ನನ್ನದೇ. ಒಳಗೇ ಮಂಚ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲ ಇರುವ ಮಿನಿ ಬಸ್ಸಿನಂಥ ಗಾಡಿ. ಅವನ್ನು ನಿಲ್ಲಿಸಿ ತಿಂಗಳುಗಟ್ಟಲೆ ಇರಲು, ಕರೆಂಟು ನೀರಿನ ವ್ಯವಸ್ಥೆಯಿರುವ ಮೈದಾನಗಳು ಹ್ಯೂಸ್ಟನ್ನಿನಲ್ಲೂ ಇವೆ. ಹೊಸ ಗಾಡಿಗೆ ಒಂದು ಮನೆಯ ಬೆಲೆ. ಡೀಸೆಲ್ಲಿನವು ಹಳೆಯವಾದರೂ ನಮ್ಮ ಕೈಗೆಟುಕುವುದಿಲ್ಲ. ಟ್ರಕ್ಕಿನ ಪೆಟ್ರೋಲ್ ಇಂಜಿನ್ ಮೇಲೆ ಮನೆ ಕಟ್ಟಿದ, ಮೀಸೆ ಬಂದ ವಯಸ್ಸಿನ ಗಾಡಿಗಳು ಮಾತ್ರ ನಮಗೆ ಉಳಿದದ್ದು. ಮಗಳಿಗೆ ಒಂಬತ್ತು ವರ್ಷ. ಮೂವರೂ ಒಂದೇ ಸೂರಿನಡಿ ಇರಬಹುದು, ಅವನಿಗೆ ಬಿಸಿಬಿಸಿ ತಿಳಿಸಾರು ಅನ್ನ ಮಾಡಿ ಹಾಕಬಹುದು. ಅಷ್ಟು ಸಾಕಿತ್ತು ನನಗೆ. ಅಲೆನ್‌ನ ಮನೆಯ ಲೀಸ್ ಮುಂದುವರಿಸುವುದಿಲ್ಲ ಎಂದು ಹೇಳಿಬಿಟ್ಟೆ.

ನನ್ನ ಗಂಡ ಒಂದು ಮಿಕ್ಸಿ ಕೊಳ್ಳುವುದಕ್ಕೂ ಒಂದು ತಿಂಗಳು ಓದುವ ಮನುಷ್ಯ. ಹಾಸಿಗೆಯಲ್ಲಿ ಮಲಗಿಕೊಂಡೇ ಮೋಟರ್‌ಹೋಮಿನ ವಿದ್ಯೆಯನ್ನೆಲ್ಲ ಅರೆದು ಕುಡಿದ. ಇಂಜಿನ್ ಕೆಟ್ಟರೆ ಯಾರಾದರೂ ರಿಪೇರಿ ಮಾಡುತ್ತಾರೆ, ಟೈರು ಬದಲಾಯಿಸಬಹುದು, ಆದರೆ ಚಾವಣಿಯಲ್ಲಿ ನೀರು ಇಳಿದಿದ್ದರೆ ಕೈಮುಗಿದು ವಾಪಸ್ ಬರಬೇಕು ಎಂದು ನನಗೆ ಪಾಠ ಹೇಳಿದ. ನಾವು ದಿನಸಿಗೆ ಹೋಗುವ ಕ್ಯಾರಲ್ಟನ್‌ನಲ್ಲೇ ಮೊದಲ ಗಾಡಿ ಸಿಕ್ಕಿತು. ಬಾಗಿಲು ತೆಗೆದರೆ ಬೆಕ್ಕಿನ ಉಚ್ಚೆಯ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಎರಡನೆಯದರ ಇಂಜಿನ್ನು ಕೆಮ್ಮಿತು. ಮೂರನೆಯದನ್ನು ನಾವು ಹೋಗುವಷ್ಟರಲ್ಲಿ ಯಾರೋ ಕೊಂಡುಹೋಗಿದ್ದರು.

ನಾಲ್ಕನೆಯದು ಆಸ್ಟಿನ್ ಬಳಿಯ ಫ್ಲೂಗರ್‌ವಿಲ್‌ನಲ್ಲಿತ್ತು. ಮಗಳನ್ನು ಹಿಂದೆ ಕೂರಿಸಿಕೊಂಡು, ಅವನನ್ನು ದಿಂಬುಗಳ ನಡುವೆ ಒರಗಿಸಿಕೊಂಡು ಕಾರು ಓಡಿಸಿದೆ. ಮಾರುವವರು ಒಬ್ಬ ಅಮೆರಿಕನ್ ಮುದುಕರು. ಮಂಡಿನೋವು ಬಂದು ಓಡಾಟ ನಿಲ್ಲಿಸಿದ್ದರು. ಇಂಜಿನ್ನು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಒಲೆ ಉರಿಯಿತು, ಏಸಿ ತಣ್ಣಗೆ ಬೀಸಿತು, ಬೆಲೆ ನಮ್ಮ ಅಳತೆಯಲ್ಲೇ ಇತ್ತು. ಹಿಂದಿನ ಮಂಚದ ಮೇಲೆ, ಚಾವಣಿಯ ಮೂಲೆಯಲ್ಲಿ ಒಂದು ಸೆಟ್‌ದೋಸೆಯಗಲದ ಕಂದು ಕಲೆ. ಅದನ್ನು ತೋರಿಸಿದವರೂ ಆ ಮುದುಕರೇ. ಹಳೆಯ ಕಲೆ, ನೀರು ಇಳಿಯದಂತೆ ಮೇಲಿಂದ ಮೇಣ ಬಳಿಸಿದ್ದೇನೆ, ಆದರೂ ತಿಳಿದವರಿಂದ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೂ ಬೇರೆ ಯಾರಿಗೂ ಕೊಡುವುದಿಲ್ಲ ಎಂದರು. ಗೋಡೆಯೊಳಗಿನ ತೇವ ಅಳೆಯುವ ಪರೀಕ್ಷಕನಿಗೆ ಅಲ್ಲೇ ನಿಂತು ಫೋನ್ ಮಾಡಿದೆವು. ಶನಿವಾರ ಬರುತ್ತೇನೆಂದ. ಅಂದು ಮಂಗಳವಾರ. ಆ ರಾತ್ರಿ ಆಸ್ಟಿನ್ನಿನ ಹೊರಗೊಂದು ಅಗ್ಗದ ಮೋಟೆಲಿನಲ್ಲಿ ಉಳಿದು, ಬೆಳಗ್ಗೆ ಮನೆಗೆ ಹೊರಡುವುದೆಂದು ತೀರ್ಮಾನಿಸಿದೆವು.

ಮೋಟೆಲಿನಿಂದ ಅತ್ತೆಗೆ ವಿಡಿಯೋ ಕಾಲ್ ಮಾಡಿದೆವು. ಅವರು ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ವೀಸಾ ಸಿಗದೆ ಎರಡು ಸಲ ಕಣ್ಣೀರು ಹಾಕಿಕೊಂಡು ಚೆನ್ನೈಯಿಂದ ವಾಪಸಾದವರು.

"ಶನಿವಾರ ಬೇಡ ಕಣೇ," ಎಂದರು. "ನಾಳಿದ್ದು ಅಮಾವಾಸ್ಯೆ. ಆಮೇಲೆ ಆಷಾಢ. ಆಷಾಢದಲ್ಲಿ ಯಾರಾದ್ರೂ ಗಾಡಿ ತಗೋತಾರಾ? ಅದೂ ಇವನನ್ನ ಮಲಗಿಸೋ ಗಾಡಿ!"

"ಅತ್ತೆ, ಅದನ್ನ ಚೆಕ್ ಮಾಡಿಸ್ಬೇಕು. ಒಳಗೆ ನೀರಿಳಿದಿದ್ರೆ ಕಷ್ಟ."

"ಚೆಕ್ಕೆಲ್ಲ ಆಮೇಲೂ ಮಾಡಿಸ್ಬೋದು. ಘಳಿಗೆ ಆಮೇಲೆ ಸಿಗತ್ತಾ? ನಾಳೆನೇ ಮುಗಿಸಿ. ನಿಂಗೆ ಕೈಮುಗೀತೀನಿ."

ನಾನು ಪಂಚಾಂಗ ನೋಡಿ ಬದುಕಿದವಳಲ್ಲ. ಅವನಂತೂ ಮದುವೆಯ ಮುಹೂರ್ತಕ್ಕೇ ತಡವಾಗಿ ಬಂದವನು. ಬೇರೆ ದಿನವಾಗಿದ್ದರೆ ಮೈಸೂರಿನ ಅಮಾವಾಸ್ಯೆ ಆಸ್ಟಿನ್ನಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ತಮಾಷೆ ಮಾಡುತ್ತಿದ್ದ. ಅಂದು ಮಾಡಲಿಲ್ಲ. ಸೊರಗಿದ ಕೈಗಳನ್ನು ನೋಡಿಕೊಳ್ಳುತ್ತಾ, "ಅಮ್ಮ ಹೇಳ್ದಂಗೆ ಮಾಡೋಣ," ಎಂದ. ನನ್ನೊಳಗೂ ಭಯ ಹೊಕ್ಕಿತ್ತು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ, ಆಷಾಢದಲ್ಲಿ ಗಾಡಿ ತಂದಿದ್ದಕ್ಕೇ ಹೀಗಾಯಿತು ಎಂಬ ಮಾತನ್ನು ಜನ್ಮವಿಡೀ ಹೊರುವ ಶಕ್ತಿ ನನಗಿರಲಿಲ್ಲ. ಪರೀಕ್ಷಕನಿಗೆ ಬೇಡವೆಂದು ಮೆಸೇಜ್ ಕಳಿಸಿದೆ.

ಮಾರನೆಯ ದಿನ ನಾವು ಮತ್ತೆ ಬಾಗಿಲಿಗೆ ಬಂದಾಗ ಆ ಮುದುಕರು ತಬ್ಬಿಬ್ಬಾದರು. ಪರೀಕ್ಷೆ ಆಯಿತೇ ಎಂದು ಎರಡು ಸಲ ಕೇಳಿದರು. ನಮ್ಮಲ್ಲಿ ಇವತ್ತು ಒಳ್ಳೆಯ ದಿನ ಎಂದೆ. ಅವರು ತಲೆಯಾಡಿಸಿ ಸಹಿ ಹಾಕಿಕೊಟ್ಟರು. ಮುಂದಿನ ಗಾಜಿನ ಕೆಳಗೆ ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಕಾಯಿ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಮಗಳು ಫೋನ್ ಹಿಡಿದು ಅಜ್ಜಿಗೆ ಎಲ್ಲವನ್ನೂ ತೋರಿಸಿದಳು. ನಾನು ಅದಕ್ಕೆ ಮುಂಚೆ ಕಾರಿಗಿಂತ ದೊಡ್ಡದೇನನ್ನೂ ಓಡಿಸಿದವಳಲ್ಲ. ಮೆಲ್ಲಗೆ ಬ್ರೇಕು ಬಿಟ್ಟೆ. ನಿಂಬೆಹಣ್ಣು ಪಚಕ್ಕೆಂದಾಗ ಮೈಸೂರಿನಲ್ಲಿ ಅತ್ತೆ ಚಪ್ಪಾಳೆ ತಟ್ಟಿದರು. ಅಷ್ಟು ತಿಂಗಳಲ್ಲಿ ಅವನು ನಕ್ಕಿದ್ದನ್ನು ನಾನು ಕಂಡದ್ದು ಅವತ್ತೇ.

ಅಲೆನ್‌ನ ಮನೆ ಖಾಲಿ ಮಾಡಿ, ಕಾರನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಹ್ಯೂಸ್ಟನ್ನಿಗೆ ಬಂದೆವು. ಗಾಡಿಯ ಫೋಟೋ ನೋಡಿ ಆಸ್ಪತ್ರೆಯವರು ಒಪ್ಪಿದರು. ದಿನ ಗೊತ್ತಾಯಿತು. ಒಂದು ವಾರ ನಾವು ನಿಜಕ್ಕೂ ಸಂಸಾರ ಮಾಡಿದೆವು. ಸಣ್ಣ ಒಲೆಯ ಮೇಲೆ ಕುಕ್ಕರು ಕೂಗಿತು, ಅವನು ಎರಡು ತುತ್ತು ಹೆಚ್ಚಿಗೆ ತಿಂದ.

ಆಮೇಲೆ ಹ್ಯೂಸ್ಟನ್ನಿನ ಮಳೆ ಬಂತು. ಮಧ್ಯಾಹ್ನವೇ ಕತ್ತಲಾಗಿ, ಒಂದೇ ಸಮನೆ ಎರಡು ದಿನ ಹೊಯ್ಯಿತು. ಎರಡನೆಯ ದಿನ ಸಂಜೆ ಅವನ ದಿಂಬು ಒದ್ದೆಯಾಗಿತ್ತು. ಕಲೆ ಈಗ ಸೆಟ್‌ದೋಸೆಯಲ್ಲ, ಮಸಾಲೆದೋಸೆಯಾಗಿತ್ತು. ಬೆರಳಿನಿಂದ ಒತ್ತಿದೆ. ಬೆರಳು ನೆನೆದ ರಸ್ಕಿನೊಳಗೆ ಹೋದಂತೆ ಚಾವಣಿಯೊಳಗೆ ಹೋಯಿತು. ಸಿಟ್ಟು ತಡೆಯದೆ ಹಿಡಿದು ಎಳೆದೆ. ಹಾಳೆ ಕಿತ್ತು ಕೈಗೆ ಬಂತು. ಅದರ ಹಿಂದೆ ಮರವೆಲ್ಲ ಕೊಳೆತು, ಕಪ್ಪು ಬೂಷ್ಟು ಹಿಡಿದು, ಗೋಡೆಯ ಉದ್ದಕ್ಕೂ ಇಳಿದಿತ್ತು. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಆರೋಗ್ಯವಂತರಿಗೆ ಆ ಬೂಷ್ಟಿನಿಂದ ಸೀನು ಬರಬಹುದು. ರೋಗ ತಡೆಯುವ ಬಲವಿಲ್ಲದ ಅವನನ್ನು ಅದು ಕೊಲ್ಲುತ್ತದೆ. ನಮ್ಮಿಬ್ಬರಿಗೂ ಅದು ಗೊತ್ತಿತ್ತು.

ಛತ್ರಿ ಹಿಡಿದು ಅವನನ್ನು ಕಾರಿಗೆ ಕೂರಿಸಿದೆ. ನಮ್ಮ ಕಡೆಯ, ಎಂ.ಎಸ್. ಓದುತ್ತಿದ್ದ ಇಬ್ಬರು ಹುಡುಗರು ತಮ್ಮ ಅಪಾರ್ಟ್‌ಮೆಂಟಿನ ಒಂದು ಕೋಣೆ ತೊಳೆದು ಅವನಿಗೆ ಬಿಟ್ಟುಕೊಟ್ಟರು. ಅವರ ಋಣ ದೊಡ್ಡದು. ಆದರೆ ಅಲ್ಲಿ ಬಚ್ಚಲು, ಅಡುಗೆಮನೆ ಎಲ್ಲರಿಗೂ ಒಂದೇ. ಆಸ್ಪತ್ರೆ ಕೇಳಿದ ಜಾಗ ಅದಾಗಿರಲಿಲ್ಲ. ಸುಳ್ಳು ಹೇಳಿಬಿಡೋಣವೇ ಎಂದು ಒಂದು ಇಡೀ ಬೆಳಗ್ಗೆ ಯೋಚಿಸಿದೆ. ಕೊನೆಗೆ ನಿಜ ಹೇಳಿದೆ. ಅವರು ದಿನ ಮುಂದಕ್ಕೆ ಹಾಕಿದರು. ಸರದಿಯಲ್ಲಿ ನಮಗೆ ಮನೆ ಸಿಗಲು ಇನ್ನೂ ಒಂದು ತಿಂಗಳಿತ್ತು. ಗಾಡಿ ರಿಪೇರಿಗೆ ಕೇಳಿದರೆ, ಇದನ್ನು ರಿಪೇರಿ ಮಾಡುವ ದುಡ್ಡಿಗೆ ಇಂಥದೇ ಇನ್ನೊಂದು ಬರುತ್ತದೆ ಎಂದರು.

ಹಿಂದಿನ ಕೋಣೆಗೆ ಪ್ಲಾಸ್ಟಿಕ್ ಶೀಟು ಕಟ್ಟಿ ಟೇಪು ಹೊಡೆದೆ. ನಾನೂ ಮಗಳೂ ಮುಂದಿನ ಸೀಟುಗಳ ಮೇಲೆ ಮುದುಡಿಕೊಂಡು ಮಲಗುತ್ತಿದ್ದೆವು. ಮೂವರೂ ಒಟ್ಟಿಗೆ ಇರಲೆಂದು ಕೊಂಡ ಗಾಡಿಯಲ್ಲಿ ಅವನೊಬ್ಬನಿಗೇ ಜಾಗವಿರಲಿಲ್ಲ. ದಿನಾ ಸಾರು ಅನ್ನ ಡಬ್ಬಿಗೆ ಹಾಕಿಕೊಂಡು ಅವನಿದ್ದಲ್ಲಿಗೆ ಹೋಗುತ್ತಿದ್ದೆ.

"ಇವತ್ತು ನಿಮ್ಮಮ್ಮಂಗೆ ಹೇಳೇ ಹೇಳ್ತೀನಿ," ಎಂದೆ ಒಂದು ದಿನ. "ಶನಿವಾರದವರೆಗೆ ಕಾದಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ. ಆಷಾಢ ಅಂತೆ ಆಷಾಢ!"

ಅವನು ಚಮಚ ಕೆಳಗಿಟ್ಟ. "ಹೇಳ್ಬೇಡ ಕಣೇ. ಅಲ್ಲಿ ಕೂತ್ಕೊಂಡು ನಂಗೋಸ್ಕರ ಏನ್ ಮಾಡೋಕಾಗತ್ತೆ ಅವಳಿಗೆ? ಇದೊಂದನ್ನ ಮಾಡಿದಾಳೆ."

"ಮಾಡಿದ್ದು ಏನಾಯ್ತು ನೋಡಿದ್ಯಾ?"

"ಅದು ಅವಳಿಗೆ ಗೊತ್ತಾಗೋದು ಬೇಡ."

ಸರದಿಯ ಮನೆ ಸಿಗುವ ಹೊತ್ತಿಗೆ ಸರಿಯಾಗಿ, ಹೊಸ ದಿನ ಶ್ರಾವಣದಲ್ಲಿ ಬಂತು. ಅದಕ್ಕೆ ಮುಂಚಿನ ಪರೀಕ್ಷೆಯಲ್ಲಿ ರೋಗ ಸ್ವಲ್ಪ ಅಲುಗಾಡಿರುವುದು ಕಂಡಿತು. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಮೆತ್ತಗೆ ಮಾತಾಡಿದರು. ಚಿಕಿತ್ಸೆ ನಿಲ್ಲಿಸುವುದಿಲ್ಲ, ಆದರೆ ಹೋದ ತಿಂಗಳಿದ್ದಷ್ಟು ಭರವಸೆ ಈಗ ಕೊಡಲಾರೆ ಎಂದರು. ನನ್ನ ಗಂಡ ಥ್ಯಾಂಕ್ಸ್ ಹೇಳಿದ. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಬಾಯಿಗೆ ಸೆರಗಿಲ್ಲದ್ದಕ್ಕೆ ಕೈಯನ್ನೇ ಕಚ್ಚಿಕೊಂಡೆ.

ಅಂದು ಸಂಜೆ ಗಾಡಿಯಲ್ಲಿದ್ದಾಗ ಅತ್ತೆಯ ಕಾಲ್ ಬಂತು. ಫೋನನ್ನು ಯಾವ ಕಡೆ ಹಿಡಿದರೆ ಪ್ಲಾಸ್ಟಿಕ್ ಶೀಟು ಕಾಣುವುದಿಲ್ಲ ಎಂಬುದು ಮಗಳಿಗೆ ಅಷ್ಟರಲ್ಲಿ ರೂಢಿಯಾಗಿತ್ತು. ಅತ್ತೆ ತಲೆಗೆ ಸ್ನಾನ ಮಾಡಿ, ಹಣೆಯ ತುಂಬ ಕುಂಕುಮ ಇಟ್ಟುಕೊಂಡು ಕೂತಿದ್ದರು.

"ಡಾಕ್ಟ್ರು ಮುಂದಕ್ಕೆ ಹಾಕಿದ್ದು ಒಳ್ಳೇದೇ ಆಯ್ತು ಬಿಡು. ಶ್ರಾವಣದಲ್ಲೇ ಬಂತು ನೋಡು," ಎಂದರು. "ಗಾಡಿ ತಗೊಂಡ ಘಳಿಗೆ ಅಂಥದ್ದು. ಎಲ್ಲಿ ಅವನು?"

"ಮಲಗಿದಾರೆ ಅತ್ತೆ," ಎಂದೆ.

ಮಗಳಿಗೆ ಇನ್ನು ತಡೆಯಲಾಗಲಿಲ್ಲ. "ಐ ಹೇಟ್ ದಿಸ್ ಥಿಂಗ್," ಎಂದು ಫೋನಿಗೆ ಕಿರುಚಿದಳು. "ಅಪ್ಪ ಕಾಂಟ್ ಈವನ್ ಸ್ಲೀಪ್ ಹಿಯರ್!"

ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಮೊಮ್ಮಗಳ ಜೋರು ದನಿಗೆ ಗಾಬರಿಯಾಗಿ ಫೋನನ್ನು ಮುಖದ ಹತ್ತಿರಕ್ಕೆ ತಂದುಕೊಂಡರು. "ಏನಂತೆ? ಅಪ್ಪಂಗೇನಾಯ್ತಂತೆ?"

"ಏನಿಲ್ಲ ಅತ್ತೆ. ಅಪ್ಪ ಈ ಗಾಡೀಲಿ ತುಂಬಾ ಚೆನ್ನಾಗಿ ನಿದ್ದೆ ಮಾಡ್ತಾರೆ ಅಂತಿದಾಳೆ."

ಅತ್ತೆ ಕಣ್ಣು ಮುಚ್ಚಿಕೊಂಡು ಎರಡೂ ಕೈ ಜೋಡಿಸಿದರು. "ಸದ್ಯ," ಎಂದರು. "ನನ್ನ ಕೈಲಿ ಅಷ್ಟಾದ್ರೂ ಆಯ್ತಲ್ಲ."

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕನ್ನಡ ಮಾತಾಡುವುದಿಲ್ಲ ಅಷ್ಟೆ, ಅವಳಿಗೆ ಎಲ್ಲವೂ ಅರ್ಥವಾಗುತ್ತದೆ.