ಕೊಲ್ಲಾಕೂ ಪರೀಕ್ಷಾ ಐತಂತ

ಆಲಮೇಲದ ಕಡೆಯ ಸಕ್ಕರೆ ಕಾರ್ಖಾನೆಯೊಂದಕ್ಕೆ ಕರೆಂಟು ತಯಾರಿಸುವ ಹೊಸ ಟರ್ಬೈನ್ ಕೂಡಿಸಲು ಜರ್ಮನಿಯಿಂದ ಇಂಜಿನಿಯರೊಬ್ಬ ಬಂದಿದ್ದ. ಇಂಡಿ ಪಟ್ಟಣದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನನ್ನನ್ನು ರಜೆಯಲ್ಲಿ ಅವನ ದುಭಾಷಿ ಮಾಡಿದರು. ಒಂದು ಭಾನುವಾರ ಅವನನ್ನು ಸೋದರಮಾವನ ತೋಟದ ಮನೆಗೆ ಊಟಕ್ಕೆ ಕರೆದೊಯ್ದೆ. ಎಣಗಾಯಿಯ ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತಲೇ ಆತ ಎರಡನೆಯ ರೊಟ್ಟಿಗೆ ಕೈ ಚಾಚಿದ. ಮಾವನಿಗೆ ಬಲು ಖುಷಿ.

"ಸೂಟಿ ಇದ್ದಾಗ ಏನ ಮಾಡ್ತಾನಂತ ಕೇಳು ಅಳಿಯಾ."

ಅತಿಥಿ ಮೊಬೈಲ್ ತೆರೆದು ತೋರಿಸಿದ. ಹಿಮದಲ್ಲಿ ಸತ್ತು ಬಿದ್ದ ಜಿಂಕೆ, ಪಕ್ಕದಲ್ಲಿ ಬಂದೂಕು ಹಿಡಿದು ನಗುತ್ತಿರುವ ಅವನೇ.

ಮಾವನ ತುತ್ತು ತಾಟಿಗೆ ಮರಳಿತು. ಕೈ ಕೊರಳ ಲಿಂಗಕ್ಕೆ ಹೋಯಿತು. ಬಾಗಿಲಿನಿಂದ ಇಣುಕಿದ ಅತ್ತೆ, "ಶಿವ ಶಿವಾ! ಅವನ ತಾಟು ಬ್ಯಾರೆ ಇಡ್ರಿ" ಅಂದಳು. ಅದನ್ನು ನಾನು ಅನುವಾದ ಮಾಡಲಿಲ್ಲ.

ಅತಿಥಿ ವಿವರಿಸತೊಡಗಿದ. ಅಲ್ಲಿ ಬೇಟೆಗೆ ಪರೀಕ್ಷೆ ಪಾಸಾಗಬೇಕು. ಎಷ್ಟು ಜಿಂಕೆ, ಯಾವ ತಿಂಗಳು ಎಂಬುದಕ್ಕೂ ಲೆಕ್ಕವುಂಟು. ಆದರೂ ಅವನ ಮಗಳೇ ಅವನನ್ನು ಕಟುಕ ಅನ್ನುತ್ತಾಳಂತೆ. ಪಕ್ಕದ ದೇಶದ ಒಂದು ಸೀಮೆಯಲ್ಲಿ ಜನ ಮತ ಹಾಕಿ ಬೇಟೆಯನ್ನೇ ನಿಲ್ಲಿಸಿದ್ದಾರೆ. ಅಲ್ಲಿ ಹಂದಿ ಹೆಚ್ಚಾದರೆ ಸರ್ಕಾರಿ ನೌಕರರು ಬಂದು ಹೊಡೆಯುತ್ತಾರೆ.

"ಸರ್ಕಾರಿ ನೌಕರಿನಾ? ಪೆನ್ಶನ್ ಐತೇನು ಕೇಳು" ಎಂದ ಮಾವ. ಆಮೇಲೆ ನನ್ನ ಕಡೆ ತಿರುಗಿ, "ಕೊಲ್ಲಾಕೂ ಪರೀಕ್ಷಾ ಐತಂತ! ಪಾಪಕ್ಕ ಸರ್ಟಿಫಿಕೇಟು! ನಮ್ಮಲ್ಲಿ ಇರಿವಿಗೂ ಸಕ್ಕರಿ ಹಾಕ್ತೀವಿ, ಹೇಳು ಅವಂಗ" ಎಂದ. ಹೇಳಿದೆ. ಅತಿಥಿ ತಲೆ ತಗ್ಗಿಸಿದ.

ಊಟದ ನಂತರ ಮಾವ ಹೆಮ್ಮೆಯಿಂದ ಕಬ್ಬು ತೋರಿಸಲು ಹೊರಟ. ಕಬ್ಬಿನ ಬದುವಿನ ಕಡೆ ಬೆಳಗಿನಿಂದ ಯಾರೂ ಹೋಗಿರಲಿಲ್ಲ. ಅಲ್ಲಿ ಕಾಡುಹಂದಿಯೊಂದು ಕಾಲು ಸೆಟೆದು ಬಿದ್ದಿತ್ತು.

"ತಾನ ಸತ್ತೈತಿ ಅಂತ ಹೇಳು" ಎಂದ ಮಾವ, ನನ್ನ ಮುಖ ನೋಡದೆ.

ಹಂದಿ ತಾನೇ ಸತ್ತಿದೆ ಎಂದು ನಾನು ಒಳ್ಳೆಯ ವ್ಯಾಕರಣದಲ್ಲಿ ಹೇಳಿದೆ.

ಅತಿಥಿ ಕುಕ್ಕರಗಾಲಲ್ಲಿ ಕೂತು ಅದರ ಸುಟ್ಟ ಕಾಲು ನೋಡಿದ. ಹುಲ್ಲಿನಲ್ಲಿ ಹಾದುಹೋಗಿದ್ದ ತಂತಿಯನ್ನು ಪಂಪ್‌ಸೆಟ್ಟಿನ ಡಬ್ಬಿಯವರೆಗೂ ಕಣ್ಣಿನಿಂದಲೇ ಹಿಂಬಾಲಿಸಿದ. ನಾನೇನು ಹೇಳಿದರೇನು, ಮನುಷ್ಯ ಕರೆಂಟಿನ ಕೆಲಸದವನು. ಹಂದಿಯ ಹೊಟ್ಟೆ ಮುಟ್ಟಿ, "ಇದಕ್ಕೆ ಮೊಲೆಹಾಲಿದೆ. ಮರಿಯಿರುವ ತಾಯಿಯನ್ನು ಹೊಡೆದರೆ ನಮ್ಮಲ್ಲಿ ಕೇಸಾಗುತ್ತದೆ. ಇಲ್ಲಿ?" ಎಂದ.

"ಇಲ್ಲೂ ಆಗುತ್ತದೆ" ಅಂದೆ. "ತಂತಿಗೆ ಕರೆಂಟು ಬಿಟ್ಟದ್ದಕ್ಕೇ ಆಗುತ್ತದೆ."

ಏನು ಮಾತಾಡಿದಿರಿ ಎಂದು ಮಾವ ಕೇಳಿದ. ಹೇಳಿದೆ. ಮಾವ ನಾಚಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಅರಳಿತು.

"ಹೌದಲ್ಲ, ಇಂವ ಕರೆಂಟ್ ಇಂಜಿನಿಯರ್! ಹಂದಿ ಅಷ್ಟ ಸಾಯಬೇಕು, ನಮ್ಮ ನಾಯಿ ಸಾಯಬಾರದು, ಹಂಗೇನಾರ ಮಾಡಾಕ ಬರ್ತೈತೇನು ಕೇಳು. ಹೋದ ತಿಂಗಳು ಚಲೋ ನಾಯಿ ಹೋತು."

ಅದನ್ನು ಮಾತ್ರ ಒಂದಕ್ಷರ ಬಿಡದೆ ಅನುವಾದಿಸಿದೆ. ಅತಿಥಿ ಎದ್ದು ಜೀಪಿನತ್ತ ನಡೆದ.

ಸಿಂದಗಿ ರಸ್ತೆ ಸೇರಿದಾಗ ಅವನು ನನ್ನ ಕಡೆ ತಿರುಗಿದ. "ಆ ತಂತಿಯ ವಿಷಯ ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದ.

ಇಲ್ಲ ಅಂದೆ. ಹಿಂದಿನ ವರ್ಷ ಮಾವ ಗೂಟ ಬಡಿಯುವಾಗ ಆ ತಂತಿಯನ್ನು ಬಿಗಿಯಾಗಿ ಎಳೆದು ಹಿಡಿದವನು ನಾನೇ.