ತಿರುಗುವ ಕಂಬ

ಮೊನ್ನೆ ಮಗಳ ನಾಮಕರಣದ ಊಟಕ್ಕೆ ಎಲೆ-ಅಡಿಕೆ ಇರಲಿ ಅಂತ ಸಿಂಗಾಪುರದ ಲಿಟಲ್ ಇಂಡಿಯಾದಿಂದ ಸುಣ್ಣ ತಂದಿದ್ದೆ. ಸೆಂಗ್‌ಕಾಂಗಿನ ನಮ್ಮ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದೆ. ಹಸಿ ಸುಣ್ಣದ ವಾಸನೆಗೆ ಮೇಲ್ಮನೆ ಆಂಟಿ ನೆನಪಾದರು.

ಜುರಾಂಗ್ ವೆಸ್ಟಿನಲ್ಲಿ ನಾನು ಮೊದಲು ಬಾಡಿಗೆಗಿದ್ದ ಬ್ಲಾಕಿನಲ್ಲೇ, ಮೇಲಿನ ಫ್ಲೋರಿನಲ್ಲಿ ಅವರ ಮನೆ. ಮೈಸೂರಿನವರು, ಹಳೇ ಕಟ್ಟಡಗಳನ್ನು ರಿಪೇರಿ ಮಾಡಿಸುವ ಆರ್ಕಿಟೆಕ್ಟು. ಅವರ ಕೈಕೆಳಗೇ ನಾನು ಜೂನಿಯರ್ ಆಗಿ ಸೇರಿದ್ದೆ. ನಾನೋ ಹುಟ್ಟು ಪುಕ್ಕಲಿ, ಲಿಫ್ಟ್ ಒಂಚೂರು ಅಲುಗಿದರೂ ದೇವರನ್ನು ಕರೆಯುವವಳು. ಅಂಥವಳನ್ನು ಟರ್ಕಿಯ ಒಂದು ಹಳೇ ಆಟೊಮನ್ ಮಸೀದಿಯ ಕೆಲಸಕ್ಕೆ ಎಳೆದುಕೊಂಡು ಹೋದರು.

ಭಾರೀ ಗುಮ್ಮಟ, ಅದನ್ನು ಹೊತ್ತ ನಾಲ್ಕು ದಪ್ಪ ಕಂಬ. ಎಷ್ಟೋ ಭೂಕಂಪ ಕಂಡ ಕಟ್ಟಡ ಅದು. ಹಿಂದೆ ಯಾರೋ ಬಿರುಕುಗಳಿಗೆ ಸಿಮೆಂಟ್ ಮೆತ್ತಿದ್ದರು. ಅದು ಒಳಗೇ ನೀರು ಹಿಡಿದಿಟ್ಟುಕೊಂಡು ಕಲ್ಲನ್ನು ತಿನ್ನುತ್ತಿತ್ತು. ಅದನ್ನೆಲ್ಲ ಕೆರೆದು, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಗಾರೆ ತುಂಬಬೇಕಿತ್ತು. "ನಮ್ಮಜ್ಜಿ ಮನೆ ತಾರಸಿಗೂ ಇದೇ ಗಾರೆ ಕಣೆ" ಅಂತಿದ್ದರು ಆಂಟಿ.

ಮೆಕ್ಕಾ ದಿಕ್ಕಿನ ಗೋಡೆಗೆ ಒತ್ತಿ ಒಂದು ತೆಳ್ಳನೆಯ ಅಮೃತಶಿಲೆಯ ಕಂಬವಿತ್ತು. ಭಾರ ಹೊರುವುದಕ್ಕಲ್ಲ. ಕಟ್ಟಿದವರು ಬೇಕೆಂದೇ ಸಡಿಲವಾಗಿ ಕೂರಿಸಿದ್ದರು, ಕೈಯಲ್ಲಿ ತಿರುಗಿಸಿದರೆ ತಿರುಗಬೇಕು. ಬಿಗಿಯಾಯಿತೆಂದರೆ ಕಟ್ಟಡ ಜರುಗಿದೆ ಅಂತ ಅರ್ಥ. ಬೆಳಗ್ಗೆ ಅದನ್ನು ತಿರುಗಿಸಿ ನೋಡದೆ ಯಾರೂ ಸ್ಕ್ಯಾಫೋಲ್ಡಿಂಗ್ ಅಟ್ಟಣಿಗೆ ಹತ್ತಬಾರದು, ಇದು ಆಂಟಿಯ ರೂಲು.

ಒಂದು ದಿನ ಮಾತ್ರ, ಕಲಸಿದ ಗಾರೆ ಒಣಗಿಹೋಗುತ್ತೆ ಅನ್ನುವ ಆತುರಕ್ಕೆ, "ಕಂಬ ನೀನೇ ನೋಡ್ಕೋ" ಅಂದವರೇ ಹತ್ತಿಬಿಟ್ಟರು.

ನಾನು ತಿರುಗಿಸಿದೆ. ಕಂಬ ಅಲುಗಲಿಲ್ಲ. ಎರಡೂ ಕೈ ಹಾಕಿ ತಿರುಚಿದೆ, ಊಹೂಂ.

"ಆಂಟಿ, ಕೆಳಗೆ ಬನ್ನಿ!"

ಗುಮ್ಮಟ ನನ್ನ ಕೂಗನ್ನೇ ಮತ್ತೆ ಮತ್ತೆ ವಾಪಸ್ ಕೊಟ್ಟಿತು. ಅವರು ಬಗ್ಗಿ ನೋಡಿದರು, ಏಣಿ ಹಿಡಿದರು. ಒಂದೊಂದೇ ಮೆಟ್ಟಿಲು... ಮೇಲಿನಿಂದ ಪುಡಿ ಸುಣ್ಣ ನನ್ನ ಕೆನ್ನೆಗೆ ಉದುರಿತು. ಮುಗಿಯಿತು, ಆಂಟಿ ಸಮೇತ ಎಲ್ಲ ಬೀಳುತ್ತೆ ಅಂದುಕೊಂಡೆ. ಹೊರಗೆ ಓಡಬೇಕಿತ್ತು, ಕಂಬವನ್ನೇ ಹಿಡಿದು ನಿಂತೆ.

ಇಳಿದವರು ಕಂಬದ ಬುಡಕ್ಕೆ ಟಾರ್ಚ್ ಹಾಕಿದರು. ಹೊಸ ಗಾರೆ! ಹಿಂದಿನ ಸಂಜೆ ಯಾರೋ ಹೊಸ ಮೇಸ್ತ್ರಿ, ಕಂಬ ಅಲ್ಲಾಡುತ್ತಿದೆ ಪಾಪ ಅಂತ, ನೀಟಾಗಿ ಗಾರೆ ತುಂಬಿ ಗಟ್ಟಿ ಮಾಡಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಂಟಿ ನಗಲಿಲ್ಲ. ತಾವೇ ಕೂತು ಗಾರೆ ಕೆರೆದರು, ತಿರುಗಿಸಿದರು. ತಿರುಗಿತು. ಆಮೇಲೆ ಅಲ್ಲೇ ನೆಲಕ್ಕೆ ಕುಸಿದು ಕೂತರು.

"ನನಗೂ ಜೀವ ಬಾಯಿಗೆ ಬಂದಿತ್ತು ಕಣೆ" ಅಂದರು.

ಸಿಂಗಾಪುರಕ್ಕೆ ವಾಪಸ್ ಬಂದ ಮೇಲೆ ಅದೇ ನಮ್ಮ ತಮಾಷೆಯಾಯಿತು. ಬ್ಲಾಕಿನ ಕೆಳಗೆ ವಾಯ್ಡ್ ಡೆಕ್‌ನ ಖಾಲಿ ಜಾಗದಲ್ಲಿ ಸಿಕ್ಕಾಗಲೆಲ್ಲ "ಕಂಬ ತಿರುಗ್ತಿದ್ಯಾ ಆಂಟಿ?" ಅಂತ ಕೇಳುತ್ತಿದ್ದೆ. ಅವರು ಬಲಗೈ ಎತ್ತಿ ಮಣಿಕಟ್ಟು ತಿರುಗಿಸಿ ತೋರಿಸುತ್ತಿದ್ದರು. ಎಲ್ಲ ಚೆನ್ನಾಗಿದೆ ಅಂತ.

ಕೆಲವು ವರ್ಷದ ಮೇಲೆ ಅವರಿಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯಲ್ಲಿ ಏನು ಮಾತಾಡಬೇಕೋ ತಿಳಿಯದೆ, ಹೆದರಿ, ಅದನ್ನೇ ಕೇಳಿಬಿಟ್ಟೆ. ಬಲಗೈ ಹಾಸಿಗೆ ಮೇಲೆ ಸುಮ್ಮನೆ ಬಿದ್ದಿತ್ತು. ಆಂಟಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಎಡಗೈಯಿಂದ ಆ ಬಲಗೈಯ ಮಣಿಕಟ್ಟು ಹಿಡಿದು, ನಿಧಾನಕ್ಕೆ ತಿರುಗಿಸಿ ತೋರಿಸಿದರು. ನಾನು ನಕ್ಕೆ. ಕಾರಿಡಾರಿಗೆ ಬಂದು ಗೋಡೆ ಹಿಡಿದುಕೊಂಡು ಅತ್ತೆ. ಆ ವಾರವೇ ಹೋಗಿಬಿಟ್ಟರು.

ಇತ್ತ ನಮ್ಮ ಹಾಲ್‌ನಲ್ಲಿ ಮಗು ಅಳುತ್ತಿತ್ತು, ಯಾರೋ ಎಲೆ ತಟ್ಟೆ ಕೇಳುತ್ತಿದ್ದರು. ನಾನು ಸುಣ್ಣದ ಕೈಯನ್ನೇ ಎತ್ತಿ ಒಂದು ಸಲ ತಿರುಗಿಸಿದೆ. ತಿರುಗಿತು. ಭಯ ಮಾತ್ರ ಹೋಗಲಿಲ್ಲ. ಆ ಮಸೀದಿಯಲ್ಲಿ ಒಂದೇ ಸಲ ಕೂಗಿದ್ದಕ್ಕೆ ಆಂಟಿ ಇಳಿದು ಬಂದಿದ್ದರು, ಈಗ ಯಾರನ್ನು ಕೂಗಲಿ...