ಅಳಿಸದ ರಂಗೋಲಿ

ಎಪ್ಪತ್ತರ ದಶಕದಲ್ಲಿ ಬಬಲೇಶ್ವರದ ಕಡೆ ಗೌಂಡಿ ಕೆಲಸ ಮಾಡುತ್ತಿದ್ದೆ. ಅಂಗಳದ ಹಸಿ ಸಿಮೆಂಟಿನ ಮೇಲೆ ತಗಡಿನ ಅಚ್ಚು ಒತ್ತಿ ರಂಗೋಲಿ ಮೂಡಿಸುವುದರಲ್ಲಿ ನನಗೆ ಭಾರಿ ಹೆಮ್ಮೆ. ಒಂದು ಮನೆಯ ಸೊಸೆ ಗಂಗವ್ವ ಮೂರು ಅಚ್ಚು ನೋಡಿ ಕಮಲದ್ದನ್ನು ಆರಿಸಿದಳು. ಹೊಸ್ತಿಲ ಮುಂದೆಯೇ ಒತ್ತಿಕೊಟ್ಟೆ.

"ಎಂಟು ದಿನ ನೀರ ಉಣಸ್ರಿ ಯವ್ವಾ. ಆಮ್ಯಾಲ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಳಸೂದಿಲ್ಲ," ಎಂದೆ.

ಮೂರು ತಿಂಗಳಿಗೆ ಆಕೆಯ ಮಾವ ತೀರಿಕೊಂಡರು. ನಾನೂ ಮಣ್ಣು ಕೊಡಲು ಹೋದೆ. ಹೆಣ ಇನ್ನೂ ಒಳಗಿತ್ತು. ಹೊರಗೆ ಗಂಗವ್ವ ತೆಂಗಿನ ನಾರು ಹಿಡಿದು ಕಮಲವನ್ನು ತಿಕ್ಕುತ್ತಿದ್ದಳು. ಸಾವಾದ ಮನೆಯ ಮುಂದೆ ರಂಗೋಲಿ ಇರಬಾರದು. ಪುಡಿಯದಾಗಿದ್ದರೆ ಒಂದು ಕಸಬರಿಗೆ ಸಾಕಿತ್ತು.

"ಯಪ್ಪಾ, ಇದನ್ನ ಅಳಸೂದು ಹ್ಯಾಂಗ ಹೇಳ್ರಿ," ಎಂದಳು.

ನಾನು ಸೆಗಣಿ ತಂದೆ. ಇಬ್ಬರೂ ಕೂತು ಒಂದೊಂದೇ ಎಸಳು ಮುಚ್ಚಿದೆವು. ಆಮೇಲೆ ಹಿರಿಯರನ್ನು ಹೊರಗೆ ತಂದರು.

ಅಂದಿನಿಂದ ಯಾರ ಅಂಗಳ ಮಾಡಿದರೂ ಹೊಸ್ತಿಲ ಮುಂದೆ ಎರಡು ಮೊಳ ಬರಿದೇ ಬಿಡುತ್ತೇನೆ. ಯಾಕೆಂದು ಕೇಳಿದರೆ, "ಅಲ್ಲಿ ಅಚ್ಚು ಕೂಡಲಿಲ್ರಿ," ಅನ್ನುತ್ತೇನೆ. ಕೆಲಸ ಬರದವ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.